ಹೊಲದ ಹಕ್ಕಿ ನೋಡೋಕೆ ಗೈಡ್ ಬೇಕಾ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಹಳೇಬೀಡಿನ ಹತ್ತಿರ ಹೊಲ, ಬೇಲಿಸಾಲುಗಳ ನಡುವೆ ಬೆಳಗಿನ ಹೊತ್ತು ಮೂರು ಗಂಟೆಗಳ ಕಾಲ ಹಕ್ಕಿ ನೋಡುವ ನಡಿಗೆ ಇದೆ, ಜೊತೆಗೆ ಗೈಡ್ ಇರುತ್ತಾರೆ ಅಂತ ಗೆಳತಿ ಹೇಳಿದಳು. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಒಂಬತ್ತು ವರ್ಷದ ಮಗಳನ್ನೂ ಅಮ್ಮನನ್ನೂ ಕರೆದುಕೊಂಡು ಹೋಗುವ ಆಸೆ. ಅಮ್ಮ ಹಳ್ಳಿಯಲ್ಲೇ ಬೆಳೆದವರು, ‘ಹೊಲದಲ್ಲಿ ಹಕ್ಕಿ ನೋಡೋಕೂ ದುಡ್ಡು ಕೊಡ್ತಾರೇನೇ?’ ಅಂತ ನಗುತ್ತಾರೆ. ಅವರಿಗೆ ಮಂಡಿನೋವು ಬೇರೆ. ಹಕ್ಕಿ ನೋಡೋಕೆ ಕಾಡಿಗೇ ಹೋಗಬೇಕಲ್ವಾ? ಹೊಲದಲ್ಲಿ ಕಾಗೆ, ಬೆಳ್ಳಕ್ಕಿ ಬಿಟ್ಟರೆ ಏನಿರುತ್ತದೆ? ಬೈನಾಕ್ಯುಲರ್ ಕೊಳ್ಳಲೇಬೇಕಾ?

ಉತ್ತರ: ಹೋಗಿ. ಮೂರು ಜನವೂ ಹೋಗಿ. ಅಮ್ಮನನ್ನಂತೂ ಬಿಟ್ಟು ಹೋಗಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಕಾಡಿನ ವಿಷಯ. ಮಳೆಗಾಲ ಮುಗಿದ ಹೊತ್ತಿನಲ್ಲಿ ಸಕಲೇಶಪುರದ ಕಾಡಲ್ಲಿ ನಿಂತರೆ ಕಾಣುವುದು ಬರೀ ಎಲೆ. ಹಕ್ಕಿ ಕೂಗುತ್ತದೆ, ಕಾಣುವುದಿಲ್ಲ. ಎತ್ತರದ ಕೊಂಬೆ ಹಿಂದೆ ಏನೋ ಅಲ್ಲಾಡುತ್ತದೆ. ನೀವು ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಅದು ಇನ್ನೊಂದು ಮರದಲ್ಲಿರುತ್ತದೆ. ಅರ್ಧ ಗಂಟೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಮಗಳು ಮನೆಗೆ ಹೋಗೋಣ ಅನ್ನುತ್ತಾಳೆ. ಕಾಡಿನ ಹಕ್ಕಿ ನೋಡೋಕೆ ಕಿವಿ ಪಳಗಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಹೊಲದಲ್ಲಿ ಹಾಗಲ್ಲ. ತಂತಿ ಮೇಲೆ ಕೂತದ್ದು ಕೂತೇ ಇರುತ್ತದೆ. ಬೇಲಿಯಿಂದ ಹಾರಿದ್ದು ಐವತ್ತು ಹೆಜ್ಜೆ ಮುಂದೆ ಅದೇ ಬೇಲಿಗೆ ಇಳಿಯುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನು ಕಾಗೆ, ಬೆಳ್ಳಕ್ಕಿ. ನೀವು ತಮಾಷೆಗೆ ಹೇಳಿರಬಹುದು, ಆದರೆ ಅಲ್ಲಿಂದಲೇ ಶುರು ಮಾಡೋಣ. ಕಾಗೆಯಲ್ಲಿ ಎರಡಿವೆ. ಕುತ್ತಿಗೆ ಬೂದಿ ಬಣ್ಣ ಇದ್ದರೆ ಊರುಕಾಗೆ. ಪೂರ್ತಿ ಕಪ್ಪಗೆ, ದಪ್ಪ ಕೊಕ್ಕು, ಗಂಟಲು ಕಟ್ಟಿದ ದನಿ ಇದ್ದರೆ ಕಾಡುಕಾಗೆ. ಹಾಸನ ಪೇಟೆಯಲ್ಲಿ ಮೊದಲನೆಯದು ಜಾಸ್ತಿ, ಹೊಲ ತೋಟಗಳ ಕಡೆ ಎರಡನೆಯದು. ಬೆಳ್ಳಕ್ಕಿಯೂ ಒಂದೇ ಅಲ್ಲ. ಟ್ರ್ಯಾಕ್ಟರ್ ಹಿಂದೆ, ದನದ ಕಾಲ ಹತ್ತಿರ ಓಡಾಡುವ ಹಳದಿ ಕೊಕ್ಕಿನದು ಗೋವಕ್ಕಿ. ಅದಕ್ಕೆ ಬೇಕಾದ್ದು ಮಣ್ಣಿನಿಂದ ಏಳುವ ಮಿಡತೆ. ಕಟ್ಟೆಯ ನೀರಲ್ಲಿ ಕಪ್ಪು ಕೊಕ್ಕು, ಕಪ್ಪು ಕಾಲು ಇಟ್ಟುಕೊಂಡು ಮೀನಿಗೆ ಕಾಯುವುದು ಪುಟ್ಟ ಬೆಳ್ಳಕ್ಕಿ. ಅದು ಕಾಲೆತ್ತಿದಾಗ ನೋಡಿ, ಪಾದ ಮಾತ್ರ ಹಳದಿ. ಕಪ್ಪು ಪ್ಯಾಂಟಿಗೆ ಹಳದಿ ಸಾಕ್ಸ್ ಹಾಕಿದ ಹಾಗೆ. ಇಷ್ಟು ನೋಡಿದರೆ ನಿಮ್ಮ ಮಗಳ ಪಟ್ಟಿಯಲ್ಲಿ ಆಗಲೇ ನಾಲ್ಕು ಹಕ್ಕಿ ಸೇರಿದವು. ಕಾರಿನಿಂದ ಇಳಿದು ಐದು ನಿಮಿಷ ಆಗಿರುವುದಿಲ್ಲ.

ನೀವು ಹೋಗುವ ಕಾಲವೂ ಒಳ್ಳೆಯದು. ಶರತ್ಕಾಲ ಅಂದರೆ ಎಲೆ ಉದುರುವ ಕಾಲ ಅಂತ ಇಂಗ್ಲಿಷ್ ಪಾಠಗಳಲ್ಲಿ ಓದಿದ್ದೇವೆ. ನಮ್ಮಲ್ಲಿ ಹಾಗಲ್ಲ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಹೊಡೆದು ಹೋದ ಮೇಲೆ ಬದುಗಳ ಮೇಲೆ ಹುಲ್ಲು ಎದೆಮಟ್ಟ ಬಂದಿರುತ್ತದೆ, ಬೀಜ ಕಟ್ಟಿರುತ್ತದೆ. ರಾಗಿ ತೆನೆ ಬಾಗುತ್ತಿರುತ್ತದೆ. ರಾಗಿ ನಡುವಿನ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ. ಜೋಳ ಮುರಿದ ಹೊಲದಲ್ಲಿ ಕಾಳು ಚೆಲ್ಲಿರುತ್ತದೆ. ಆಲೂಗಡ್ಡೆ ಕಿತ್ತ ನೆಲವನ್ನು ಉತ್ತು ಹುರುಳಿ ಹಾಕಿರುತ್ತಾರೆ. ಹುಳುವಿಗೂ ಕಾಳಿಗೂ ಏನೂ ಕೊರತೆ ಇಲ್ಲ. ಇಲ್ಲಿನ ಹಕ್ಕಿಗಳು ಮರಿ ಎಬ್ಬಿಸಿಕೊಂಡು ದೊಡ್ಡ ಸಂಸಾರವಾಗಿ ತಿರುಗುವ ಸಮಯ ಇದು. ಉತ್ತರದಿಂದ ಬರುವ ನೆಂಟರು ಸೆಪ್ಟೆಂಬರಿನಿಂದಲೇ ಒಬ್ಬೊಬ್ಬರಾಗಿ ಇಳಿದಿರುತ್ತಾರೆ. ಎರಡೂ ಗುಂಪು ಒಂದೇ ಬೇಲಿಯಲ್ಲಿ ಸಿಗುತ್ತವೆ.

ಬೇಲಿ ಅಂದೆನಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಇಷ್ಟು ವರ್ಷ ಜನರನ್ನು ಹಕ್ಕಿ ನಡಿಗೆಗೆ ಕರೆದುಕೊಂಡು ಹೋಗಿ ಕಲಿತಿದ್ದು ಒಂದೇ. ಹೊಲದ ನಡುವೆ ನೋಡಬೇಡಿ, ಅಂಚನ್ನು ನೋಡಿ. ಎಕರೆಗಟ್ಟಲೆ ಶುಂಠಿ ಹಾಕಿದ ನೆಲದಲ್ಲಿ ಹಕ್ಕಿ ಕಡಿಮೆ. ಅದರ ಪಕ್ಕದ ಹಳೇ ಬೇಲಿಯಲ್ಲಿ ಒಂದು ಊರೇ ಇರುತ್ತದೆ. ಕತ್ತಾಳೆ, ಕಳ್ಳಿ, ಲಕ್ಕಿ, ಹೊಂಗೆ, ಎಕ್ಕ, ಸೀಗೆ, ನಡುನಡುವೆ ತಂಗಡಿ, ಇವಕ್ಕೆಲ್ಲ ಹಬ್ಬಿದ ಬಳ್ಳಿ. ಯಾರೂ ನೆಟ್ಟಿದ್ದಲ್ಲ, ಯಾರೂ ಕಿತ್ತೂ ಇಲ್ಲ, ಸುಮ್ನೆ ಬಿಟ್ಟಿದ್ದು. ಮುಳ್ಳು ಇದೆ, ಹಾಗಾಗಿ ಬೆಕ್ಕು ನುಗ್ಗುವುದಿಲ್ಲ. ಹಣ್ಣಿದೆ, ಹೂವಿದೆ, ನೆರಳಿದೆ. ಈಗೀಗ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವವರೇ ಜಾಸ್ತಿ. ಒಂದಡಿ ನೆಲವೂ ವ್ಯರ್ಥ ಆಗಬಾರದು ಅನ್ನುವ ಲೆಕ್ಕ. ರೈತನ ಲೆಕ್ಕ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ತಂತಿ ಬೇಲಿಯ ಪಕ್ಕ ನಡೆದರೆ ಸಿಗುವುದು ಕಾಜಾಣ, ಬೆಳವ, ಹೆಚ್ಚೆಂದರೆ ಒಂದು ಕಳ್ಳಿಪೀರ. ಗಿಡದ ಬೇಲಿ ಪಕ್ಕ ನಡೆದರೆ ಅದರ ನಾಲ್ಕು ಪಟ್ಟು. ನೀವು ಗೈಡ್‌ಗೆ ಫೋನ್ ಮಾಡಿದಾಗ ಮೊದಲು ಇದನ್ನೇ ಕೇಳಿ: ದಾರಿಯಲ್ಲಿ ಹಳೇ ಗಿಡದ ಬೇಲಿ ಎಷ್ಟು ದೂರ ಇದೆ?

ಬೇಲಿಗಳಲ್ಲಿ ಸಿಗುವ ಲಂಟಾನದ ಬಗ್ಗೆ ಒಂದು ಮಾತು. ಅದು ಅಮೆರಿಕ ಖಂಡದ ಕಡೆಯಿಂದ ಬಂದ ಕಳೆ, ಕಾಡನ್ನು ತಿನ್ನುತ್ತಿದೆ, ನಿಜ. ಆದರೆ ಕೆಂಪು ಮೀಸೆಯ ಪಿಕಳಾರಕ್ಕೆ ಅದು ಗೊತ್ತಿಲ್ಲ. ಕಪ್ಪು ಹಣ್ಣು ನುಂಗುತ್ತದೆ, ಮುಂದಿನ ಬೇಲಿಯಲ್ಲಿ ಕೂತು ಬೀಜ ಹಾಕುತ್ತದೆ. ತಲೆ ಮೇಲೆ ಚೂಪು ಜುಟ್ಟು, ಕೆನ್ನೆ ಮೇಲೆ ಕೆಂಪು ಮಚ್ಚೆ ಇರುವ ಈ ಹಕ್ಕಿಯನ್ನು ಮಗಳಿಗೆ ಮೊದಲು ತೋರಿಸಿ. ಇದರಷ್ಟು ಸುಲಭವಾಗಿ ಗುರುತು ಸಿಗುವ ಹಕ್ಕಿ ಇನ್ನೊಂದಿಲ್ಲ.

ಬೇಲಿಯ ನೆಂಟರಲ್ಲಿ ನನಗೆ ಇಬ್ಬರು ಇಷ್ಟ. ಒಂದು ಕಾಣುತ್ತದೆ, ಒಂದು ಕಾಣುವುದಿಲ್ಲ.

ಕಾಣುವುದು ಕಂದು ಕಳಿಂಗ. ಗೊರವಂಕಕ್ಕಿಂತ ಚಿಕ್ಕದು, ಬೆನ್ನು ಕಂದು, ಕಣ್ಣಿಗೆ ಕಳ್ಳನ ಹಾಗೆ ಕಪ್ಪು ಪಟ್ಟಿ. ಬೇಲಿಯ ತುದಿಯ ಕಡ್ಡಿ ಮೇಲೆ ನೆಟ್ಟಗೆ ಕೂತು ಕೆಳಗೆ ದಿಟ್ಟಿಸುತ್ತಿರುತ್ತದೆ. ಬೆಳಗ್ಗೆ ಬೇಗ ಹೋದರೆ ಅದರ ಗದರಿಕೆ ಕೇಳುತ್ತದೆ. ಹಾಡಲ್ಲ, ಜಗಳ. ಇದು ಮರಿ ಮಾಡುವುದು ಸೈಬೀರಿಯಾ, ಮಂಗೋಲಿಯಾ, ಚೀನಾ ಕಡೆ. ಅಲ್ಲಿಂದ ಇಲ್ಲಿಗೆ ಬಂದು ಏಪ್ರಿಲ್‌ವರೆಗೆ ಬೇಲಿಯ ಒಂದು ತುಂಡನ್ನು ತನ್ನದು ಅಂತ ಹಿಡಿದು ಕೂರುತ್ತದೆ. ಇನ್ನೊಂದು ಕಳಿಂಗ ಆ ಕಡೆ ತಲೆ ಹಾಕುವಂತಿಲ್ಲ. ಮುಂದಿನ ವರ್ಷವೂ ಅದೇ ಜಾಗಕ್ಕೆ ಬರುತ್ತದೆ ಅನ್ನುವುದನ್ನು ಕಾಲಿಗೆ ಬಳೆ ಹಾಕಿ ನೋಡಿದ್ದಾರೆ. ನನ್ನ ಮನೆಯ ಹತ್ತಿರದ ಒಂದು ಬೋರ್‌ವೆಲ್ ಶೆಡ್ಡಿನ ಪಕ್ಕ ಒಂದು ಹೊಂಗೆ ಗಿಡ ಇದೆ. ಸೆಪ್ಟೆಂಬರ್ ಕೊನೆ ಬಂತು ಅಂದರೆ ನಾನು ಅಲ್ಲಿ ಗಾಡಿ ನಿಧಾನ ಮಾಡುತ್ತೇನೆ. ಕಳಿಂಗಗಳಲ್ಲಿ ಬೇರೆಯವೂ ಇವೆ. ಬೂದು ತಲೆ, ಉದ್ದ ಬಾಲದ್ದು ಒಂದು. ಬೆನ್ನು ಇಟ್ಟಿಗೆ ಬಣ್ಣದ ಪುಟ್ಟದು ಇನ್ನೊಂದು, ಅದು ಅರಸೀಕೆರೆ, ಕಡೂರಿನ ಒಣ ಸೀಮೆಯಲ್ಲಿ ಜಾಸ್ತಿ. ಹಿಡಿದ ಮಿಡತೆಯನ್ನು ಮುಳ್ಳಿಗೆ ಚುಚ್ಚಿ ಇಡುವ ಅಭ್ಯಾಸ ಈ ಕುಲಕ್ಕೇ ಇದೆ. ಜಾಲಿ ಮುಳ್ಳಲ್ಲಿ ಒಣಗಿದ ಮಿಡತೆ ನೇತಾಡುತ್ತಿದ್ದರೆ ಮಗಳಿಗೆ ತೋರಿಸಿ. ಶಾಲೆಯಲ್ಲಿ ಅದನ್ನೇ ಹೇಳಿಕೊಂಡು ತಿರುಗುತ್ತಾಳೆ.

ಕಾಣದಿರುವುದು ಬ್ಲೈತ್‌ನ ಉಲಿಯಕ್ಕಿ. ಹೆಸರು ದೊಡ್ಡದು, ಹಕ್ಕಿ ಏನೂ ಇಲ್ಲ. ಗುಬ್ಬಿಗಿಂತ ಚಿಕ್ಕದು, ಮಣ್ಣಿನ ಬಣ್ಣ, ಪಟ್ಟಿ ಇಲ್ಲ, ಚುಕ್ಕೆ ಇಲ್ಲ. ತೂಕ ಹೆಚ್ಚುಕಡಿಮೆ 12 ಗ್ರಾಂ. ಈಗಿನ ತೆಳು ಐದು ರೂಪಾಯಿ ನಾಣ್ಯ ಎರಡನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ, ಅಷ್ಟೇ. ಇದು ರಷ್ಯಾ, ಮಧ್ಯ ಏಷ್ಯಾದ ಕಡೆಯಿಂದ ರಾತ್ರಿ ಹೊತ್ತು ಹಾರಿಕೊಂಡು ಬಂದು ನಮ್ಮ ಬೇಲಿಗಳಲ್ಲಿ ಚಳಿಗಾಲ ಕಳೆಯುತ್ತದೆ. ನೀವು ನಡೆಯುವ ದಾರಿಯಲ್ಲಿ ಹತ್ತಾದರೂ ಇರುತ್ತವೆ, ಒಂದೂ ಕಾಣದೇ ಹೋಗಬಹುದು. ಆದರೆ ಕೇಳುತ್ತದೆ. ಎರಡು ಸಣ್ಣ ಕಲ್ಲು ತಾಕಿಸಿದ ಹಾಗೆ, ಪೊದೆಯ ಒಳಗಿಂದ ‘ಟಕ್... ಟಕ್... ಟಕ್’. ಒಮ್ಮೆ ಗುರುತು ಹಿಡಿದರೆ ಆಮೇಲೆ ಹಾಸನದ ಪಾರ್ಕಿನಲ್ಲಿ, ನಿಮ್ಮ ಮನೆಯ ದಾಸವಾಳದ ಗಿಡದಲ್ಲಿ, ಎಲ್ಲ ಕಡೆ ಕೇಳತೊಡಗುತ್ತದೆ. ಇಷ್ಟು ವರ್ಷ ಇದು ಇಲ್ಲೇ ಇತ್ತಾ ಅನ್ನಿಸುತ್ತದೆ. ನೋಡಲೇಬೇಕು ಅಂದರೆ ಪೊದೆಯಿಂದ ನಾಲ್ಕು ಮಾರು ದೂರದಲ್ಲಿ ಅಲ್ಲಾಡದೆ ಕೂರಬೇಕು. ಹತ್ತು ನಿಮಿಷ. ಮಾತಿಲ್ಲ.

ಗೈಡ್ ಯಾಕೆ ಬೇಕು ಅನ್ನುವ ನಿಮ್ಮ ಅಮ್ಮನ ನಗೆಗೆ ಉತ್ತರ ಈ ಹತ್ತು ನಿಮಿಷದಲ್ಲೇ ಇದೆ. ಹೆಸರು ಹೇಳೋಕೆ ಈಗ ಗೈಡ್ ಬೇಕಿಲ್ಲ. ಮೊಬೈಲಿನಲ್ಲಿ ಮೆರ್ಲಿನ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ, ಕೂಗು ಕೇಳಿಸಿಕೊಂಡು ಹೆಸರು ತೋರಿಸುತ್ತದೆ. ಪೂರ್ತಿ ನಂಬಬೇಡಿ. ಕಾಜಾಣ ಬಿಜ್ಜು ಅನ್ನುವ ಬೇಟೆಹಕ್ಕಿಯ ಕೂಗನ್ನು ಅಣಕಿಸುತ್ತದೆ, ಅಂಥ ಮೋಸಕ್ಕೆ ಆ್ಯಪ್ ಕೂಡ ಬೀಳುತ್ತದೆ. ಗೈಡ್ ಬೇಕಾಗುವುದು ನಿಮ್ಮನ್ನು ನಿಲ್ಲಿಸೋಕೆ. ನಾವೇ ಹೋದರೆ ಏನು ಮಾಡುತ್ತೇವೆ? ನಡೆಯುತ್ತೇವೆ, ಮಾತಾಡುತ್ತೇವೆ, ಕೆರೆ ತಲುಪುತ್ತೇವೆ, ಫೋಟೊ ತೆಗೆದುಕೊಂಡು ವಾಪಸ್. ಒಳ್ಳೆಯ ಗೈಡ್ ಮೂರು ಗಂಟೆಯಲ್ಲಿ ಎರಡು ಕಿಲೋಮೀಟರ್ ದಾಟಿಸುವುದಿಲ್ಲ. ಬಿಸಿಲು ಬೆನ್ನಿಗೆ ಬರುವ ಹಾಗೆ, ಅಂದರೆ ಬೆಳಗ್ಗೆ ಪಡುವಣಕ್ಕೆ ಮುಖ ಮಾಡಿ ನಡೆಸುತ್ತಾರೆ. ಎದುರು ಬಿಸಿಲಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ. ಯಾವ ಹೊಲದವರು ಒಳಗೆ ಬಿಡುತ್ತಾರೆ, ಯಾವ ಬೇಲಿಗೆ ಸೋಲಾರ್ ಕರೆಂಟ್ ಇದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಗೈಡ್‌ಗೆ ಇನ್ನೆರಡು ಪ್ರಶ್ನೆ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಎಂಟಕ್ಕಿಂತ ಜಾಸ್ತಿ ಇದ್ದರೆ ಬೇರೆ ದಿನ ನೋಡಿ, ಹಿಂದೆ ನಿಂತವರಿಗೆ ಮುಂದಿನವರ ಟೋಪಿ ಮಾತ್ರ ಕಾಣುತ್ತದೆ. ಸ್ಪೀಕರಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುತ್ತಾರಾ? ಹೌದು ಅಂದರೆ ಬೇಡ. ಒಮ್ಮೆ ಹೀಗೇ ಒಂದು ನಡಿಗೆಗೆ ನಾನು ದುಡ್ಡು ಕೊಟ್ಟು ಹೋಗಿದ್ದೆ. ಅವರು ಇಪ್ಪತ್ತು ನಿಮಿಷ ಒಂದೇ ಪೊದೆಗೆ ಕೂಗು ಹಾಕಿದರು. ಒಳಗಿದ್ದ ಹಕ್ಕಿ ಎದುರಾಳಿ ಬಂದ ಅಂತ ಹೊಟ್ಟೆಗೆ ತಿನ್ನುವುದು ಬಿಟ್ಟು ಬೇಲಿಯ ಉದ್ದಕ್ಕೂ ಹುಡುಕಿಕೊಂಡು ಓಡಾಡಿತು. ಎಲ್ಲರಿಗೂ ಫೋಟೊ ಸಿಕ್ಕಿತು. ನನಗೆ ತಿಂಡಿ ಸೇರಲಿಲ್ಲ.

ಗೈಡ್ ಬಾಯಲ್ಲಿ ಒಂದೆರಡು ಸಲವಾದರೂ ‘ಇದು ಯಾವುದೋ ಗೊತ್ತಾಗಲಿಲ್ಲ’ ಅನ್ನುವ ಮಾತು ಬರಬೇಕು. ಈ ಕಾಲದಲ್ಲಿ ಅದು ಸಹಜ. ಮರಿಗಳು ಇನ್ನೂ ಅಪ್ಪ ಅಮ್ಮನ ಬಣ್ಣಕ್ಕೆ ಬಂದಿರುವುದಿಲ್ಲ. ಗಂಡುಗಳು ಮಳೆಗಾಲದ ಉಡುಪು ಕಳಚಿರುತ್ತವೆ. ಗೀಜಗವನ್ನೇ ತೆಗೆದುಕೊಳ್ಳಿ. ಜುಲೈಯಲ್ಲಿ ಗಂಡಿನ ತಲೆ ಅರಿಸಿನ ಹಚ್ಚಿದ ಹಾಗಿರುತ್ತದೆ. ನವೆಂಬರಿನಲ್ಲಿ ನೋಡಿದರೆ ಹೆಣ್ಣು ಗುಬ್ಬಿಯೋ ಏನೋ ಅನ್ನಬೇಕು. ಆದರೆ ಗೂಡು ಅಲ್ಲೇ ಇರುತ್ತದಲ್ಲ. ಬಾವಿಯ ಮೇಲೆ ಬಾಗಿದ ಜಾಲಿಯಲ್ಲೋ, ತೆಂಗಿನ ಗರಿಯ ತುದಿಯಲ್ಲೋ. ಅಲ್ಲಿ ಮಗಳಿಗೆ ಒಂದು ಆಟ ಕೊಡಿ: ಪೂರ್ತಿಯಾದ ಗೂಡು ಎಷ್ಟು, ಅರ್ಧಕ್ಕೆ ಬಿಟ್ಟಿದ್ದು ಎಷ್ಟು? ಗೂಡು ಹೆಣೆಯುವುದು ಗಂಡು. ಹೆಲ್ಮೆಟ್ಟಿನ ಆಕಾರಕ್ಕೆ ಬಂದಾಗ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಅದು ಬಂದು ಎಳೆದು, ಜಗ್ಗಿ ನೋಡುತ್ತದೆ. ಒಪ್ಪಿದರೆ ಕೆಳಗೆ ಉದ್ದ ಕೊಳವೆ ಬೆಳೆಯುತ್ತದೆ. ಒಪ್ಪದಿದ್ದರೆ ಗಂಡು ಅದನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡುತ್ತದೆ. ಅರ್ಧ ಗೂಡುಗಳೆಲ್ಲ ಹೆಣ್ಣು ಬೇಡ ಅಂದ ಸೈಟುಗಳು.

ಅಮ್ಮನ ವಿಷಯ ಹೇಳುತ್ತೇನೆ ಅಂದಿದ್ದೆ. ಅದೂ ಗೀಜಗನ ಗೂಡಿನ ಕೆಳಗೇ ನಡೆದಿದ್ದು. ಅರಕಲಗೂಡಿನ ಕಡೆ ಒಂದು ರಾಗಿ ಹೊಲ. ನಾನು ಆರು ಜನರನ್ನು ಸುತ್ತ ನಿಲ್ಲಿಸಿಕೊಂಡು ಹೀಗೇ ಭಾಷಣ ಮಾಡುತ್ತಿದ್ದೆ. ‘ಈಗ ಇವೆಲ್ಲ ಖಾಲಿ ಗೂಡು’ ಅಂದೆ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತದೇ, ‘ಖಾಲಿ ಎಲ್ಲಪ್ಪ, ಆ ಕೆಳಗಿನದ್ರಲ್ಲಿ ಬೇರೆ ಸೇರ್ಕೊಂಡವೆ’ ಅಂದರು. ನನಗೆ ನಗು ಬಂತು. ಆದರೂ ನಿಂತೆವು. ಕಾಲು ಗಂಟೆ ಆದ ಮೇಲೆ ಬಿಳಿ ಗಂಟಲಿನ ರಾಟವಾಳ ಒಂದು ಗರಿ ಕಚ್ಚಿಕೊಂಡು ಬಂದು ಆ ಗೂಡಿನೊಳಗೆ ನುಗ್ಗಿತು. ಗೀಜಗ ಬಿಟ್ಟ ಗೂಡಿಗೆ ಈ ಹಕ್ಕಿ ಬಾಡಿಗೆ ಕೊಡದೇ ಸೇರಿಕೊಳ್ಳುತ್ತದೆ, ಚಳಿಗಾಲದಲ್ಲೇ ಮರಿ ಮಾಡುತ್ತದೆ. ಅದು ನನಗೂ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ನೋಡಿರಲಿಲ್ಲ. ಅಜ್ಜಿ ದಿನಾ ನೋಡುತ್ತಿದ್ದರು.

ನಿಮ್ಮ ಅಮ್ಮನಿಗೂ ಇಂಥದ್ದು ತುಂಬ ಗೊತ್ತಿರುತ್ತದೆ. ಅವರು ಅದನ್ನು ಹಕ್ಕಿ ನೋಡುವುದು ಅಂತ ಕರೆದಿಲ್ಲ, ಅಷ್ಟೇ. ಕುಂಡೆಕುಸ್ಕ ಅಂದರೆ ಯಾವುದು ಅಂತ ಕೇಳಿ ನೋಡಿ. ಕೂತಲ್ಲಿ ನಿಂತಲ್ಲಿ ಬಾಲ ಕುಣಿಸುವ ಆ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವ ಭಾಷೆಯಲ್ಲಿದೆ? ನೀರಿನ ಕಾಲುವೆ ಪಕ್ಕ ಹಳದಿ ಹೊಟ್ಟೆಯದು ಸಿಕ್ಕರೆ ಅದು ಹಿಮಾಲಯದ ಕಡೆಯಿಂದಲೋ ಅದರಾಚೆಯಿಂದಲೋ ಬಂದಿದ್ದು. ಕಪ್ಪು ಬಿಳುಪಿನ ದೊಡ್ಡದು, ಹುಬ್ಬು ಬಿಳಿ ಇರುವುದು ಇಲ್ಲಿನದೇ. ತೇನೆಹಕ್ಕಿ, ಹರಟೆಮಲ್ಲ, ಕೆಂಬೂತ, ಗೌಜಲು, ಬೆಳವ, ಮಡಿವಾಳ ಹಕ್ಕಿ, ಹೀಗೆ ಅವರ ಬಾಯಿಂದ ಬರುವ ಹೆಸರನ್ನೆಲ್ಲ ಮಗಳು ಪುಸ್ತಕದಲ್ಲಿ ಬರೆದುಕೊಳ್ಳಲಿ. ಗೈಡ್ ಹೇಳುವ ಇಂಗ್ಲಿಷ್ ಹೆಸರು ಪಕ್ಕದಲ್ಲಿ ಇರಲಿ. ಊರಿಂದ ಊರಿಗೆ ಹೆಸರು ಬದಲಾಗುತ್ತದೆ, ಜಗಳ ಆದರೆ ಆಗಲಿ.

ಹಾಲಕ್ಕಿಯನ್ನು ಅವರೇ ಹುಡುಕಿ ಕೊಟ್ಟರೂ ಆಶ್ಚರ್ಯ ಇಲ್ಲ. ‘ಹಾಲಕ್ಕಿ ನುಡಿತೈತೆ’ ಅಂತ ಬೆಳಗಿನ ಜಾವ ಬುಡಬುಡಿಕೆಯವರು ಬರುತ್ತಿದ್ದದ್ದು ಅವರಿಗೆ ನೆನಪಿರುತ್ತದೆ. ಆ ಹಾಲಕ್ಕಿ ಅಂದರೆ ಹಿಡಿಯಷ್ಟಿನ ಚುಕ್ಕೆ ಗೂಬೆ. ಹಳೇ ಮಾವಿನ ಮರದ ಪೊಟರೆಯಲ್ಲಿ ಹಗಲಲ್ಲೂ ಬಿಸಿಲು ಕಾಯುತ್ತ ಕೂತಿರುತ್ತದೆ. ನಾವು ದಿಟ್ಟಿಸಿದರೆ ಅದೂ ತಲೆ ಮೇಲೆ ಕೆಳಗೆ ಆಡಿಸಿ ದಿಟ್ಟಿಸುತ್ತದೆ. ಮಕ್ಕಳು ಇಲ್ಲಿಂದ ಕದಲುವುದಿಲ್ಲ.

ತಲೆ ಎತ್ತಿ ನೋಡುವುದನ್ನೂ ಮರೆಯಬೇಡಿ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಹಕ್ಕಿ ಕಂಡರೆ ಎರಡರಲ್ಲಿ ಒಂದು. ಬಿಳಿ ಮೈ, ಭುಜದ ಮೇಲೆ ಕಪ್ಪು ಇದ್ದರೆ ರಾಮದಾಸ ಹದ್ದು, ವರ್ಷವಿಡೀ ಇಲ್ಲೇ ಇದ್ದು ಇಲಿ ಹಿಡಿಯುತ್ತದೆ. ಇಟ್ಟಿಗೆ ಬಣ್ಣದ ಬೆನ್ನು ಇದ್ದರೆ ಚಾಣ, ಚಳಿಗಾಲದ ನೆಂಟ. ರಾಗಿ ತೆನೆಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಎತ್ತಿಕೊಂಡು ತೇಲುವುದು ಕಂಡರೆ ಅದು ಸೆಳೆವ. ಕಜಕಿಸ್ತಾನದ ಹುಲ್ಲುಗಾವಲಿನಲ್ಲಿ ಮರಿ ಮಾಡಿ ಇಲ್ಲಿಗೆ ಬಂದು ಮಿಡತೆ ತಿನ್ನುತ್ತದೆ. ಹಳೇಬೀಡಿನ ಹತ್ತಿರ ಅದೃಷ್ಟ ಇದ್ದರೆ ಒಂದು. ಅದಕ್ಕಾಗಿಯೇ ಹೋಗುವುದಾದರೆ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ಅನ್ನುವ ಹುಲ್ಲುಗಾವಲು ಒಳ್ಳೆಯದು, ಕೃಷ್ಣಮೃಗವೂ ಸಿಗುತ್ತದೆ. ಅದು ಸಂರಕ್ಷಿತ ಜಾಗ, ಅನುಮತಿ ಕೇಳಿಕೊಂಡು ಹೋಗಿ.

ನೀಲಕಂಠ ಸಿಗುತ್ತದಾ ಅಂತ ಮಗಳು ಕೇಳುತ್ತಾಳೆ, ನಮ್ಮ ರಾಜ್ಯದ ಹಕ್ಕಿ ಅಂತ ಪಾಠದಲ್ಲಿ ಇರುತ್ತದೆ. ವಿಜಯದಶಮಿ ದಿನ ಕಂಡರೆ ಶುಭ ಅನ್ನುವ ನಂಬಿಕೆಯೂ ಇದೆ. ಕೂತಾಗ ಮಂಕು ಕಂದು, ಹಾರಿದಾಗ ಎರಡು ಬಗೆಯ ನೀಲಿ. ಹಾರುವ ತನಕ ಕಾಯಬೇಕು. ಕರೆಂಟ್ ತಂತಿಗಳನ್ನು ನೋಡುತ್ತಾ ಹೋಗಿ.

ನಿಮ್ಮ ಜಿಲ್ಲೆಯ ಒಂದು ಅನುಕೂಲ ಹೇಳಬೇಕು. ಅರಸೀಕೆರೆಯಲ್ಲಿ ಬೀಳುವ ಮಳೆ ಸಕಲೇಶಪುರದ ಮಳೆಯ ಅರ್ಧವೂ ಇಲ್ಲ. ಎರಡರ ನಡುವೆ ಕಾರಿನಲ್ಲಿ ಎರಡು ಗಂಟೆ ದಾರಿ, ಅಷ್ಟೇ. ಒಂದು ತುದಿಯಲ್ಲಿ ನೆಲಗುಬ್ಬಿ, ಕಲ್ಲುಗೌಜಲು. ಇನ್ನೊಂದು ತುದಿಯಲ್ಲಿ ಕಾಫಿ ತೋಟದ ಬೂದು ಕಾಜಾಣ. ಬೇಲೂರು, ಹಳೇಬೀಡು, ಚಿಕ್ಕಮಗಳೂರಿನ ಸುತ್ತ ಇರುವುದು ಅರೆಮಲೆನಾಡು. ಇಲ್ಲಿ ಎರಡೂ ಕಡೆಯವು ಕಲೆಯುತ್ತವೆ. ಅಲ್ಲಿ ದ್ವಾರಸಮುದ್ರದ ಕೆರೆಯೂ ಪಕ್ಕದಲ್ಲೇ ಇದೆ. ಮೂರು ಗಂಟೆಯಲ್ಲಿ ನಲವತ್ತು ಐವತ್ತು ಬಗೆ ಸಿಗುವುದು ನಾನು ಕಂಡ ಮಟ್ಟಿಗೆ ಮಾಮೂಲು. ಹಾಗಂತ ಎಣಿಕೆಯ ಹಿಂದೆ ಬೀಳಬೇಡಿ. ಹದಿನೈದನ್ನು ಸರಿಯಾಗಿ ನೋಡಿದರೆ ಆ ದಿನಕ್ಕೆ ಜಾಸ್ತಿಯೇ ಆಯಿತು.

ಬೈನಾಕ್ಯುಲರ್ ಈಗಲೇ ಕೊಳ್ಳಬೇಡಿ. ಹೆಚ್ಚಿನ ಗೈಡ್‌ಗಳ ಹತ್ತಿರ ಒಂದೆರಡು ಹೆಚ್ಚುವರಿ ಇರುತ್ತವೆ, ಮೊದಲೇ ಹೇಳಿಡಿ. ಇನ್ನೂ ಎರಡು ಸಲ ಹೋದ ಮೇಲೂ ಆಸೆ ಉಳಿದಿದ್ದರೆ 8×42 ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅದು ದೊಡ್ಡದಿದ್ದಷ್ಟು ಮಬ್ಬು ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ, ತೂಕವೂ ಏರುತ್ತದೆ. ಅಂಗಡಿಯವರು 20, 30 ಪಟ್ಟು ಅಂತ ಆಸೆ ತೋರಿಸುತ್ತಾರೆ. ಕೈ ನಡುಗುವುದೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಬೇಡ. ಮಗಳ ಕೈಗೆ 8×32 ಹಗುರ. ನೋಡುವ ಕ್ರಮ ಒಂದೇ: ಹಕ್ಕಿಯಿಂದ ಕಣ್ಣು ಕೀಳದೆ, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಮೊದಲು ಬೈನಾಕ್ಯುಲರ್ ಹಾಕಿಕೊಂಡು ಆಮೇಲೆ ಹಕ್ಕಿ ಹುಡುಕಿದರೆ ಬರೀ ಎಲೆ ಸಿಗುತ್ತದೆ. ಹಿಂದಿನ ದಿನ ಮನೆಯ ಮೇಲೆ ನೀರಿನ ಟ್ಯಾಂಕಿನ ನಲ್ಲಿ ನೋಡಿ ಅಭ್ಯಾಸ ಮಾಡಿಸಿ.

ಹೊರಡುವ ಹೊತ್ತಿನ ಬಗ್ಗೆ. ನವೆಂಬರ್ ನಡುವಿನಲ್ಲಿ ಸೂರ್ಯ ಹುಟ್ಟುವುದೇ ಆರೂಕಾಲರ ಮೇಲೆ. ಮಂಜು ಬಿದ್ದ ದಿನ ಏಳೂವರೆವರೆಗೆ ಏನೂ ಕಾಣುವುದಿಲ್ಲ, ಕಂಗಾಲಾಗಬೇಡಿ. ಮಂಜು ಸರಿದ ಮೊದಲ ಅರ್ಧ ಗಂಟೆ ಹಬ್ಬ. ರೆಕ್ಕೆ ಒಣಗಿಸಿಕೊಳ್ಳಲು ಎಲ್ಲವೂ ಬೇಲಿಯ ಮೇಲೆ ಬಂದು ಕೂರುತ್ತವೆ. ಪಟಾಕಿ ಹೊಡೆಯುವ ದಿನಗಳು ಕಳೆದ ಮೇಲೆ ಹೋಗುತ್ತಿದ್ದೀರಿ, ಒಳ್ಳೆಯದೇ ಆಯಿತು.

ಬಟ್ಟೆ ಮಣ್ಣಿನ ಬಣ್ಣದ್ದು ಇರಲಿ. ಚಪ್ಪಲಿ ಬೇಡ, ಪಾದ ಮುಚ್ಚುವ ಶೂ ಬೇಕು. ಇಬ್ಬನಿಗೆ ಹುಲ್ಲು ನೆನೆದಿರುತ್ತದೆ, ಬದುವಿನಲ್ಲಿ ಕೊಳಕುಮಂಡಲ ಇರುತ್ತದೆ. ಕಾಣದ ಕಡೆ ಕಾಲಿಡಬಾರದು, ಕಲ್ಲಿನ ಸಂದಿಗೆ ಕೈ ಹಾಕಬಾರದು ಅಂತ ಮಗಳಿಗೆ ಮನೆಯಲ್ಲೇ ಹೇಳಿ. ಯಾವ ತಂತಿಯನ್ನೂ ಮುಟ್ಟಬೇಡಿ. ಬೆಳೆಯೊಳಗೆ ಕಾಲಿಡಬೇಡಿ, ಅದು ಒಬ್ಬರ ವರ್ಷದ ಅನ್ನ. ಮಾಲೀಕರು ಎದುರಾದರೆ ನಿಂತು ನಾಲ್ಕು ಮಾತಾಡಿ. ನವಿಲು, ಗಿಳಿಗಳ ಕಾಟದ ಬಗ್ಗೆ ಅವರು ಬೈದರೆ ಕೇಳಿಸಿಕೊಳ್ಳಿ. ಅವರು ಹೇಳುವುದರಲ್ಲಿ ನಿಜ ಇದೆ. ಕಾಜಾಣ ಕೂರಲಿ ಅಂತ ಹೊಲದಲ್ಲಿ ಕೋಲು ನೆಟ್ಟಿರುವುದನ್ನು ತೋರಿಸುವವರೂ ಅವರೇ. ಕಾಜಾಣ ಅಲ್ಲಿಂದ ಹಾರಿ ಹಾರಿ ಕಾಯಿಕೊರಕದ ಹುಳು ಹಿಡಿಯುತ್ತದೆ.

ಆನೆ ವಿಷಯ ಮಾತ್ರ ತಮಾಷೆ ಅಲ್ಲ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಭತ್ತ ಹಣ್ಣಾಗುವ ಈ ದಿನಗಳಲ್ಲೇ ಆನೆ ಹೊಲಕ್ಕೆ ಇಳಿಯುವುದು. ಹಳೇಬೀಡು ಕೂಡ ಬೇಲೂರು ತಾಲ್ಲೂಕೇ. ಹಿಂದಿನ ರಾತ್ರಿ ಗೈಡ್‌ಗೂ ಊರಿನವರಿಗೂ ಕೇಳಿ. ಪೂರ್ತಿ ಬೆಳಕಾಗದೆ ಹೊಲದ ಓಣಿಗೆ ಇಳಿಯಬೇಡಿ. ಆನೆ ಇದೆ ಅಂದರೆ ಆ ಭಾನುವಾರ ಬಿಟ್ಟುಬಿಡಿ.

ಕೊನೆಗೆ ಅಮ್ಮನ ಮಂಡಿ. ಎರಡು ಕಿಲೋಮೀಟರ್ ಪೂರ್ತಿ ನಡೆಯಬೇಕಾಗಿಲ್ಲ. ಮಡಚುವ ಸ್ಟೂಲ್ ಒಂದು ತೆಗೆದುಕೊಂಡು ಹೋಗಿ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಗುಂಪು ಮುಂದೆ ಹೋಗಿ ಬರಲಿ, ಬೇಕಾದರೆ ನೀವೂ ಹೋಗಿ. ಒಳ್ಳೆಯ ಲಕ್ಕಿ ಪೊದೆ ನೋಡಿ, ಅದರಿಂದ ನಾಲ್ಕು ಮಾರು ದೂರದಲ್ಲಿ, ಬಿಸಿಲು ಬೆನ್ನಿಗೆ ಬರುವ ಹಾಗೆ ಸ್ಟೂಲ್ ಹಾಕಿ ಅಜ್ಜಿ ಮೊಮ್ಮಗಳನ್ನು ಕೂರಿಸಿ. ಹತ್ತು ನಿಮಿಷ ಕಳೆಯಲಿ. ನೀವು ವಾಪಸ್ ಬರುವಷ್ಟರಲ್ಲಿ ಆ 12 ಗ್ರಾಂ ಉಲಿಯಕ್ಕಿಯನ್ನು ಅವರಿಬ್ಬರು ನೋಡಿರುತ್ತಾರೆ, ನೀವು ನೋಡಿರುವುದಿಲ್ಲ.